ಯಕೃತ್ತಿನ ಬಾಗಿಲು ಮತ್ತು ಹೊಲದ ‘ಔಷಧಿ’



ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಹೊಲಗಳಲ್ಲಿ ಟೊಮೆಟೊ, ಬಾಳೆ, ಚೆಂಡುಹೂವಿಗೆ ಸಿಂಪಡಿಸುವ ಕೀಟನಾಶಕಕ್ಕೆ ‘ಔಷಧಿ’ ಎಂದೇ ಹೆಸರು. ದೇಹಕ್ಕಾದರೋ ಅದು ಪರಕೀಯ ವಸ್ತು. ರಕ್ತಕ್ಕೆ ಸೇರಿದ ಇಂಥ ವಸ್ತುವನ್ನು ಎದುರಿಸುವ ಮುಖ್ಯ ಅಂಗ ಯಕೃತ್ತು, ಅಂದರೆ ಪಿತ್ತಜನಕಾಂಗ.

ವಯಸ್ಕರಲ್ಲಿ ಸುಮಾರು 1.5 ಕಿಲೋಗ್ರಾಂ ತೂಗುವ ಈ ಅಂಗಕ್ಕೆ ಬರುವ ರಕ್ತದ ಮುಕ್ಕಾಲು ಪಾಲು ಜಠರ, ಕರುಳುಗಳ ಕಡೆಯಿಂದ ಹರಿದು ಬರುತ್ತದೆ. ಉಂಡದ್ದರ ಬಹುಭಾಗ ಮೈಯೆಲ್ಲ ಹಂಚಿಹೋಗುವ ಮುನ್ನ ಇಲ್ಲಿಗೆ ಬರಲೇಬೇಕು. ಯಕೃತ್ತಿನ ಸೂಕ್ಷ್ಮ ರಕ್ತನಾಳಗಳ ಗೋಡೆ ಜರಡಿಯಂತೆ ರಂಧ್ರಮಯವಾದುದು. ರಕ್ತದ ದ್ರವಾಂಶ ಅದರ ಮೂಲಕ ಹಾದು ಜೀವಕೋಶಗಳನ್ನು ನೇರವಾಗಿ ಸೋಕುತ್ತದೆ.

ಅಲ್ಲಿಂದ ಕೋಶದೊಳಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಕೋಶದ ಪೊರೆ ಜಿಡ್ಡಿನಿಂದಾದುದು. ಜಿಡ್ಡಿನಲ್ಲಿ ಕರಗುವ ವಸ್ತು ತಾನಾಗಿಯೇ ಒಳನುಸುಳುತ್ತದೆ. ಹಲವು ಕೀಟನಾಶಕಗಳು ಈ ಬಗೆಯವು. ಹಾಗೆ ನುಸುಳಲಾರದ ಅನೇಕ ವಸ್ತುಗಳನ್ನು ಪೊರೆಯಲ್ಲಿರುವ ಸಾಗಣೆ ಪ್ರೋಟೀನುಗಳು ಒಳಗೆ ಒಯ್ಯುತ್ತವೆ. ಅವು ವಸ್ತುವಿನ ರಚನೆಯನ್ನು ಗುರುತಿಸುತ್ತವೆಯೇ ಹೊರತು ಅದರ ಒಳಿತು ಕೆಡುಕುಗಳನ್ನಲ್ಲ. ಪಿತ್ತಲವಣಗಳು ಬರುವ ಬಾಗಿಲಿನಿಂದಲೇ ಕೆಲವು ಕಾಡು ಅಣಬೆಗಳ ವಿಷವೂ ಪ್ರವೇಶಿಸಿ ಯಕೃತ್ತನ್ನೇ ನಾಶಮಾಡುತ್ತದೆ.

ಒಳಬಂದುದನ್ನು ಕಿಣ್ವಗಳು ನೀರಿನಲ್ಲಿ ಕರಗುವಂತೆ ಮಾರ್ಪಡಿಸುತ್ತವೆ. ಅದು ಪಿತ್ತರಸ ಅಥವಾ ಮೂತ್ರದ ಮೂಲಕ ಹೊರಹೋಗುತ್ತದೆ. ಆದರೆ ಎಲ್ಲ ಮಾರ್ಪಾಡೂ ರಕ್ಷಣೆಯಲ್ಲ. ಕ್ಲೋರ್‌ಪೈರಿಫಾಸ್‌ನಲ್ಲಿರುವ ಒಂದು ಗಂಧಕದ ಪರಮಾಣುವಿನ ಸ್ಥಾನಕ್ಕೆ ಯಕೃತ್ತಿನ ಕಿಣ್ವಗಳು ಆಮ್ಲಜನಕವನ್ನು ತಂದಾಗ ಅದು ಇನ್ನಷ್ಟು ಉಗ್ರವಾದ ನರವಿಷವಾಗುತ್ತದೆ. ಅದನ್ನು ಒಡೆಯಲು ಮತ್ತೆ ಬೇರೆ ಕಿಣ್ವಗಳು ದುಡಿಯಬೇಕು.

ಮೊನೊಕ್ರೊಟೊಫಾಸ್‌ಗೆ ಆ ಮಾರ್ಪಾಡೂ ಬೇಕಿಲ್ಲ; ಅದು ಇದ್ದಂತೆಯೇ ನರವಿಷ. 2018ರ ಡಿಸೆಂಬರ್ 14ರಂದು ಇದೇ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಾಲಯದಲ್ಲಿ ಅದನ್ನು ಬೆರೆಸಿದ್ದ ಪ್ರಸಾದವನ್ನು ಉಂಡವರಲ್ಲಿ 17 ಮಂದಿ ಮೃತಪಟ್ಟರು.

ಸಿಂಪಡಿಸುವವರ ಅಪಾಯ ಇನ್ನೊಂದು ಬಗೆಯದು. ಬೆನ್ನಿನ ಪಂಪು ಸೋರಿ ಚರ್ಮಕ್ಕಿಳಿದ ವಿಷ, ಉಸಿರಿನೊಡನೆ ಸೇರಿದ ವಿಷ ಮೊದಲು ಯಕೃತ್ತಿಗೆ ಹೋಗುವುದಿಲ್ಲ. ರಕ್ತದೊಡನೆ ನೇರವಾಗಿ ಮಿದುಳು, ನರಗಳತ್ತ ಸಾಗುತ್ತದೆ.

ಆದುದರಿಂದ ಕಾವಲು ಹೊಲದ ಬದುವಿನಲ್ಲಿಯೇ ಇರಬೇಕು. ಗಾಳಿಗೆದುರಾಗಿ ಸಿಂಪಡಿಸಬಾರದು. ಮೈಗೆ ಬಿದ್ದೊಡನೆ ಬಟ್ಟೆ ಕಳಚಿ ಸೋಪಿನಿಂದ ತೊಳೆಯಬೇಕು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬಾರದು. ಅತಿ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವಿಕೆ ಕಂಡೊಡನೆ ರೋಗಿಯನ್ನು ಆಸ್ಪತ್ರೆಗೆ ಸೇರಿಸಿ, ವಿಷದ ಹೆಸರನ್ನು ವೈದ್ಯರಿಗೆ ತಿಳಿಸಬೇಕು.

ವಿಷವನ್ನು ವಿಷವೆಂದೇ ಕರೆಯುವುದರಿಂದ ಈ ಎಚ್ಚರ ಆರಂಭವಾಗಲಿ.