ಲೆಕ್ಕ ಒಪ್ಪಿಸುವವನೇ ನಾಯಕ



ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ನಾವು ಕನ್ನಡದಲ್ಲಿ ಕೇಳುತ್ತೇವೆ. ಪಕ್ಕದ ಮನೆಯ ತೆಲುಗಿನವರು 'ಕಂಚೇ ಚೇನು ಮೇಸ್ತೇ' ಎನ್ನುತ್ತಾರೆ. ಗುಮ್ಮಘಟ್ಟದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಈ ಎರಡು ಮಾತೂ ಒಂದೇ ಕಟ್ಟೆಯ ಮೇಲೆ ಕೇಳಿಬರುತ್ತವೆ. ಭಾಷೆ ಎರಡು, ನೋವು ಒಂದೇ. ನಂಬಿ ಒಪ್ಪಿಸಿದವನೇ ಕೈಕೊಟ್ಟರೆ ಯಾರ ಹತ್ತಿರ ಹೋಗುವುದು?

ನಾಯಕ ಎಂದರೆ ಮಂತ್ರಿ, ಶಾಸಕ ಎಂದು ನೀವು ತಿಳಿಯಬೇಡಿ. ಊರಿನ ಸರ್ಪಂಚ್ ನಾಯಕರು. ಮಹಿಳಾ ಸಂಘದ ಪುಸ್ತಕ ಇಟ್ಟುಕೊಂಡ ಅಕ್ಕ ನಾಯಕಿ. ಜಾತ್ರೆಯ ಚಂದಾ ಎತ್ತುವವರು, ಕಾಲುವೆಗೆ ನೀರು ಬಿಟ್ಟಾಗ ಸರದಿ ಹಂಚುವವರು, ಇವರೆಲ್ಲರೂ ನಾಯಕರೇ. ಇವರೆಲ್ಲರ ಕೈಯಲ್ಲೂ ತಮ್ಮದಲ್ಲದ ಯಾವುದೋ ಒಂದು ಇರುತ್ತದೆ. ಹತ್ತು ಜನರ ಹಣವೋ, ನೀರೋ, ಬೀಗದ ಕೈಯೋ. ಕದಿಯಬಾರದು ಎಂಬುದು ನೀತಿಯ ಮೊದಲ ಪಾಠ. ಅದು ಎಲ್ಲರಿಗೂ ಗೊತ್ತು. ಈ ಹೊತ್ತು ನಾನು ಹೇಳಬೇಕೆಂದಿರುವುದು ಎರಡನೆಯ ಪಾಠ. ಕೈ ಶುದ್ಧವಾಗಿದ್ದರೆ ಸಾಲದು, ಆ ಕೈಯನ್ನು ಜನರ ಮುಂದೆ ಬಿಚ್ಚಿ ತೋರಿಸಬೇಕು.

ಈ ಪಾಠಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. 1953ರವರೆಗೆ ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗಡಿಯ ಆಚೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು, ಈಚೆ ನೀಲಂ ಸಂಜೀವ ರೆಡ್ಡಿಯವರು ಮುಖ್ಯಮಂತ್ರಿಯಾದರು. ಸಂಜೀವ ರೆಡ್ಡಿಯವರು ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ 1913ರಲ್ಲಿ ಹುಟ್ಟಿದವರು. ಮುಂದೆ ರಾಷ್ಟ್ರಪತಿಯಾದವರು.

ಅವರು ಎರಡನೆಯ ಸಲ ಮುಖ್ಯಮಂತ್ರಿಯಾಗಿದ್ದಾಗ ಕರ್ನೂಲಿನ ಖಾಸಗಿ ಬಸ್ ಮಾರ್ಗಗಳನ್ನು ಸರ್ಕಾರ ವಹಿಸಿಕೊಳ್ಳುವ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜಕೀಯ ವೈರದಿಂದ ತಮ್ಮ ಮಾರ್ಗಗಳನ್ನೇ ಮೊದಲು ಆರಿಸಿದ್ದಾರೆ ಎಂದು ಬಸ್ಸಿನ ಮಾಲೀಕರು ದೂರಿದ್ದರು. ದೂರು ಬಂದಿದ್ದು ಮುಖ್ಯಮಂತ್ರಿಗಳ ಮೇಲೆ. ಆದರೆ ಅದನ್ನು ಅಲ್ಲಗಳೆದು ಅವರು ತಾವೇ ಪ್ರಮಾಣಪತ್ರ ಸಲ್ಲಿಸಿರಲಿಲ್ಲ. 1964ರ ಜನವರಿಯಲ್ಲಿ ತೀರ್ಪು ಬಂತು. ಯಾರ ಮೇಲೆ ಆರೋಪವಿದೆಯೋ ಅವರೇ ಉತ್ತರ ಕೊಡದ ಕಾರಣ ನ್ಯಾಯಾಲಯ ಆ ಆರೋಪವನ್ನು ಒಪ್ಪಿಕೊಂಡಿತು. ಫೆಬ್ರವರಿಯಲ್ಲಿ ಸಂಜೀವ ರೆಡ್ಡಿಯವರು ರಾಜೀನಾಮೆ ಕೊಟ್ಟು ಹೊರಬಂದರು.

ಈಗ ಮೂರು ವರ್ಷ ಮುಂದಕ್ಕೆ ಬನ್ನಿ. 1967ರಲ್ಲಿ ಅವರು ಹಿಂದೂಪುರದಿಂದ ಲೋಕಸಭೆಗೆ ಗೆದ್ದರು, ಸಭಾಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕುಳಿತವರು ಎಲ್ಲ ಪಕ್ಷದವರಿಗೂ ಸಮನಾಗಿ ಮಾತಿನ ಅವಕಾಶ ಹಂಚಬೇಕು. ಅವರು ಮಾಡಿದ್ದೇನು? ಮೂರು ದಶಕ ದುಡಿದ ಕಾಂಗ್ರೆಸ್ ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. 'ನಾನು ಯಾರ ಕಡೆಯವನೂ ಅಲ್ಲ' ಎಂದು ಬಾಯಿಮಾತಿನಲ್ಲಿ ಹೇಳುವುದು ಸುಲಭ. ಅವರು ಅದನ್ನು ಮಾಡಿ ತೋರಿಸಿದರು. 1964ರ ಪೆಟ್ಟಿನಿಂದಲೇ ಇದನ್ನು ಕಲಿತರು ಎಂದು ನಾನು ಹೇಳುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ, ಕೇಳಿದರೂ ತಾವಾಗಿ ಕೊಡದ ಉತ್ತರ. ಇನ್ನೊಂದು ಕಡೆ, ಯಾರೂ ಕೇಳುವ ಮೊದಲೇ ಕೊಟ್ಟ ಉತ್ತರ. ಒಳ್ಳೆಯ ನಾಯಕತ್ವ ಮೊದಲನೆಯದರಿಂದ ಎರಡನೆಯದರ ಕಡೆಗೆ ನಡೆಯುವ ದಾರಿ ಎಂದು ನನಗೆ ತೋರುತ್ತದೆ. ಹತ್ತು ವರ್ಷದ ನಂತರ, 1977ರಲ್ಲಿ, ಅವರು ಅವಿರೋಧವಾಗಿ ರಾಷ್ಟ್ರಪತಿಯಾಗಿ ಆಯ್ಕೆಯಾದರು. ಕುರ್ಚಿ ಬಿಟ್ಟು ಎದ್ದವರು ಸಣ್ಣವರಾಗುವುದಿಲ್ಲ.

ದೊಡ್ಡವರ ಮಾತು ಹೇಳಿ ನಾನು ತಪ್ಪಿಸಿಕೊಳ್ಳಬಾರದು. ನನ್ನದೂ ಒಂದು ಇದೆ, ಕೇಳಿ.

ಹಲವು ವರ್ಷಗಳ ಹಿಂದೆ ನಮ್ಮ ಊರಿನ ಕುಡಿಯುವ ನೀರಿನ ಬೋರಿನ ಮೋಟರು ಸುಟ್ಟಿತು. ಮನೆಮನೆಯಿಂದ ಹಣ ಎತ್ತುವ ಕೆಲಸ ನನಗೆ ಬಂತು. ಎತ್ತಿದೆ, ಸಾಮಾನು ತಂದೆ, ಮೋಟರು ಓಡಿತು. ಸಾಮಾನು ತಂದದ್ದು ನನ್ನ ಭಾಮೈದನ ಅಂಗಡಿಯಿಂದ. ಬೆಲೆ ನ್ಯಾಯವಾಗಿಯೇ ಇತ್ತು, ರಸೀದಿ ನನ್ನ ಜೇಬಿನಲ್ಲೇ ಇತ್ತು. ಒಂದು ದಿನ ಕಟ್ಟೆಯ ಹತ್ತಿರ ಒಬ್ಬ ಅಜ್ಜಿ, "ಲೆಕ್ಕ ಎಲ್ಲಪ್ಪಾ?" ಎಂದಳು. ನನಗೆ ಸಿಟ್ಟು ಬಂತು. "ಏನಜ್ಜಿ, ನನ್ನ ಮೇಲೇ ಅನುಮಾನವಾ?" ಎಂದು ರೇಗಿ ಹೊರಟುಹೋದೆ. ರಸೀದಿ ಜೇಬಿನಲ್ಲೇ ಉಳಿಯಿತು.

ಮರುಬೇಸಿಗೆಯಲ್ಲಿ ಮತ್ತೆ ಮೋಟರು ಸುಟ್ಟಿತು. ಮತ್ತೆ ಚೀಲ ಹಿಡಿದು ಹೊರಟೆ. ಯಾರೂ ಬೈಯಲಿಲ್ಲ. "ಆಮೇಲೆ ಕೊಡ್ತೀವಿ" ಎಂದರು, ಅಷ್ಟೇ. ಹನ್ನೊಂದು ದಿನ ನಮ್ಮ ಹೆಣ್ಣುಮಕ್ಕಳು ಹೊಲದ ಬೋರಿನಿಂದ ಬಿಸಿಲಲ್ಲಿ ಕೊಡ ಹೊತ್ತರು. ಹನ್ನೆರಡನೆಯ ದಿನ ನಾನು ಕಟ್ಟೆಯ ಮೇಲೆ ನಿಂತು ಹಿಂದಿನ ವರ್ಷದ ಲೆಕ್ಕ ಓದಿದೆ. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ. ಅಂಗಡಿ ನನ್ನ ಭಾಮೈದನದು ಎಂಬುದನ್ನೂ ಹೇಳಿದೆ. ಅದೇ ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಾ ಹೇಳಿದಳು: "ಇದನ್ನ ಹೋದ ವರ್ಷನೇ ಓದಿದ್ರೆ ಆಗ್ತಿರಲಿಲ್ಲೇನಪ್ಪಾ? ನಿನ್ನ ಮ್ಯಾಲೆ ಅನುಮಾನ ಯಾರಿಗಿತ್ತು? ಲೆಕ್ಕ ಕೇಳಿದ್ವಿ, ಅಷ್ಟೇ."

ಕೇಳುಗರೇ, ಲೆಕ್ಕ ಕೇಳುವುದು ಅವಮಾನವಲ್ಲ ಎಂಬುದು ಆವತ್ತು ನನಗೆ ಅರ್ಥವಾಯಿತು. ನಾನು ಕದ್ದಿರಲಿಲ್ಲ, ಆದರೂ ತಪ್ಪು ಮಾಡಿದ್ದೆ. ಆ ತಪ್ಪಿನ ಭಾರ ಹೊತ್ತದ್ದು ನಾನಲ್ಲ, ಕೊಡ ಹೊತ್ತ ಹೆಣ್ಣುಮಕ್ಕಳು.

ಈ ಅಜ್ಜಿಯ ಮಾತನ್ನೇ ಮುಂದೆ ಕಾನೂನೂ ಹೇಳಿತು. 2006ರ ಫೆಬ್ರವರಿ 2ರಂದು ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಆ ಕೆಲಸಗಳ ಲೆಕ್ಕವನ್ನು ಗ್ರಾಮಸಭೆಯೇ ತಪಾಸಣೆ ಮಾಡಬೇಕೆಂದು 2005ರ ಆ ಕಾಯ್ದೆಯಲ್ಲಿ ಬರೆದಿತ್ತು. ತೆಲುಗಿನಲ್ಲಿ ಸಾಮಾಜಿಕ ತನಿಖಿ, ಕನ್ನಡದಲ್ಲಿ ಸಾಮಾಜಿಕ ಪರಿಶೋಧನೆ. ಹೆಸರು ದೊಡ್ಡದು, ಅರ್ಥ ಮಾತ್ರ "ಲೆಕ್ಕ ಎಲ್ಲಪ್ಪಾ?" ಎಂಬುದೇ.

ಹಾಗಾದರೆ ನಾಳೆ ಬೆಳಗ್ಗೆಯಿಂದ ನಾವು ಏನು ಮಾಡಬಹುದು? ಹತ್ತು ಜನರ ಹಣ ಕೈಗೆ ಬಂದರೆ, ಕೇಳುವ ಮೊದಲೇ ಲೆಕ್ಕ ಓದೋಣ. ನಮ್ಮ ಅಣ್ಣತಮ್ಮಂದಿರ, ಬೀಗರ ವಿಷಯ ಸಭೆಗೆ ಬಂದರೆ, ಸಂಬಂಧವನ್ನು ಬಾಯಿಬಿಟ್ಟು ಹೇಳಿ, ತೀರ್ಮಾನ ಆಗುವವರೆಗೆ ಪಕ್ಕಕ್ಕೆ ಕೂರೋಣ. ಮೂರನೆಯದು ನಮ್ಮ ಗಡಿ ಊರುಗಳಿಗೇ ಸೇರಿದ್ದು. ಎರಡು ಭಾಷೆ ಬರುತ್ತದೆಂದು ಎರಡು ನಾಲಿಗೆಯಾಗುವುದು ಬೇಡ. ಕನ್ನಡದ ಓಣಿಯಲ್ಲಿ ಒಂದು ಭರವಸೆ, ತೆಲುಗಿನ ಓಣಿಯಲ್ಲಿ ಇನ್ನೊಂದು ಭರವಸೆ ಕೊಡುವವನು ಎರಡು ಓಣಿಯಲ್ಲೂ ಒಂದು ದಿನ ಸಿಕ್ಕಿಬೀಳುತ್ತಾನೆ. ಮಾತು ಎರಡು ಭಾಷೆಯಲ್ಲಿರಲಿ, ಅರ್ಥ ಒಂದೇ ಇರಲಿ.

ನಿಮ್ಮ ಊರಿನಲ್ಲೂ ಯಾರಾದರೊಬ್ಬ ಅಜ್ಜಿ ಲೆಕ್ಕ ಕೇಳಬಹುದು. ಆಗ ಸಿಟ್ಟು ಮಾಡಿಕೊಳ್ಳಬೇಡಿ. ಜೇಬಿನಿಂದ ರಸೀದಿ ತೆಗೆಯಿರಿ.