ಒಂದು ಬಾಯಿ, ಎರಡು ಕ್ಯಾನ್ಸರ್

ಕೆನ್ನೆಯ ಒಳಗೆ ಕ್ಯಾನ್ಸರ್ ಎಂದು ಗೊತ್ತಾದವರ ಅಂಗುಳಲ್ಲೂ ಒಂದು ಗಂಟು ಕಂಡರೆ, ಮನೆಯವರು ಮೊದಲು ಹೇಳುವುದು "ಅಯ್ಯೋ, ಹರಡಿಬಿಟ್ಟಿತಲ್ಲ" ಎಂದು. ಹಾಗೇ ಆಗಿರಬೇಕೆಂದಿಲ್ಲ. ಅದು ತಾನಾಗಿಯೇ ಹುಟ್ಟಿದ ಇನ್ನೊಂದು ಕ್ಯಾನ್ಸರ್ ಇರಬಹುದು, ಅದರ ಜಾತಿಯೂ ಬೇರೆ ಇರಬಹುದು.

ಬಾಯಿ ಕ್ಯಾನ್ಸರುಗಳಲ್ಲಿ ನೂರಕ್ಕೆ 90ರಷ್ಟು ಹುಟ್ಟುವುದು ಒಳಪೊರೆಯ ಮೇಲ್ಪದರದ ಚಪ್ಪಟೆ ಕೋಶಗಳಲ್ಲಿ. ಆ ಪೊರೆಯಡಿ ನೂರಾರು ಪುಟ್ಟ ಜೊಲ್ಲುಗ್ರಂಥಿಗಳಿವೆ, ಅಂಗುಳಲ್ಲಿ ಹೆಚ್ಚು. ಅವುಗಳ ಕ್ಯಾನ್ಸರಿನ ನಡೆಯೇ ಬೇರೆ. ಒಂದು ಬಗೆಯದಂತೂ ನರಗಳ ಗುಂಟ ವರ್ಷಗಟ್ಟಲೆ ಮೆಲ್ಲಗೆ ತೆವಳುತ್ತದೆ.

ಈ ಎರಡು ಜಾತಿ ಒಟ್ಟಿಗೆ ಬರುವುದು ಅಪರೂಪ. ಒಂದೇ ಜಾತಿಯ ಎರಡು ಗಡ್ಡೆ ಅಷ್ಟು ಅಪರೂಪವಲ್ಲ. 1953ರಲ್ಲಿ ಅಮೆರಿಕದ ಸ್ಲಾಟರ್ ಮತ್ತು ಸಂಗಡಿಗರು 783 ರೋಗಿಗಳ ಅಂಗಾಂಶ ಪರೀಕ್ಷಿಸಿದಾಗ, ಗಡ್ಡೆಯ ಆಸುಪಾಸಿನಲ್ಲಿ ಬರಿಗಣ್ಣಿಗೆ ಸರಿಯಿದ್ದ ಪೊರೆಯೂ ಸೂಕ್ಷ್ಮದರ್ಶಕದಡಿ ಕೆಟ್ಟಿತ್ತು. ಇದಕ್ಕೆ ಅವರು ಬಳಸಿದ ಇಂಗ್ಲಿಷ್ ಪದದಲ್ಲೇ 'ಹೊಲ' (ಫೀಲ್ಡ್) ಇದೆ. ತಂಬಾಕು, ಮದ್ಯ ವರ್ಷಾನುಗಟ್ಟಲೆ ತಾಗಿದ ಬಾಯಿಯಲ್ಲಿ ಕೆಡುವುದು ಇಡೀ ಹೊಲ. ಕಳೆ ಎಲ್ಲಿ ಬೇಕಾದರೂ ಏಳಬಹುದು. ಕಡ್ಡಿಪುಡಿ ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಊಟವಾದ ಮೇಲೆ ಕವಳದ ಹರಿವಾಣ ಮುಂದಿಡುವ ನಾಡಿನಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ, ಬಲ್ಲೆ. ಜೊಲ್ಲುಗ್ರಂಥಿಯ ಕ್ಯಾನ್ಸರಿಗೆ ಮಾತ್ರ ತಂಬಾಕಿನೊಡನೆ ಅಂಥ ಗಟ್ಟಿ ನಂಟು ಕಂಡುಬಂದಿಲ್ಲ. ಅದು ಜೊತೆಗೂಡುವುದು ಎಷ್ಟೋ ಸಲ ಕಾಕತಾಳೀಯ.

ಎರಡನೆಯದು ಸ್ವತಂತ್ರವೋ ಮೊದಲನೆಯದರ ಕವಲೋ ಎಂದು ಅಳೆಯಲು ಸಂಶೋಧಕರಾದ ವಾರನ್ ಮತ್ತು ಗೇಟ್ಸ್ 1932ರಲ್ಲಿ ಹಾಕಿಕೊಟ್ಟ ಕಟ್ಟಳೆ ಇಂದಿಗೂ ಬಳಕೆಯಲ್ಲಿದೆ: ಎರಡೂ ಕ್ಯಾನ್ಸರೇ ಆಗಿರಬೇಕು, ಬೇರೆಬೇರೆಯಾಗಿ ನಿಂತಿರಬೇಕು, ಒಂದರಿಂದ ಇನ್ನೊಂದು ಹರಡಿಲ್ಲವೆಂದು ಖಚಿತವಾಗಬೇಕು. ಆರು ತಿಂಗಳೊಳಗೆ ಎರಡೂ ಪತ್ತೆಯಾದರೆ ಏಕಕಾಲದವು ಎನ್ನುವುದು ವಾಡಿಕೆ.

ಇದು ಬರೀ ಹೆಸರಿಡುವ ಚರ್ಚೆಯಲ್ಲ. ಹರಡಿದೆ ಎಂದುಕೊಂಡರೆ ರೋಗ ಕೈಮೀರಿತೆಂದು ಚಿಕಿತ್ಸೆಯ ಗುರಿಯನ್ನೇ ತಗ್ಗಿಸಿಬಿಡಬಹುದು. ಎರಡೂ ಮೊದಲ ಹಂತದ ಬೇರೆ ಗಡ್ಡೆಗಳಾಗಿದ್ದರೆ ಎರಡನ್ನೂ ಕೊಯ್ದು ತೆಗೆದು ಗುಣವಾಗಬಹುದು. ಅದಕ್ಕೇ ಗಡ್ಡೆ ಎರಡಿದ್ದರೆ ಬಯಾಪ್ಸಿಯೂ ಎರಡು; ಒಂದರ ವರದಿ ನೋಡಿ ಇನ್ನೊಂದನ್ನು ಊಹಿಸುವಂತಿಲ್ಲ.

ಮೂರು ವಾರ ಕಳೆದರೂ ಮಾಯದ ಹುಣ್ಣು ತೋರಿಸಲು ಹೋದಾಗ ನಾಲಿಗೆಯಡಿ, ಒಸಡು, ಅಂಗುಳು ಎಲ್ಲವನ್ನೂ ನೋಡಲು ಕೇಳಿ. ಹಲ್ಲಿನ ಸೆಟ್ ಹಾಕಿಕೊಂಡಿದ್ದರೆ ಮೊದಲು ತೆಗೆದಿಡಿ. ಅಂಗುಳಿನ ಗಂಟು ಅದರಡಿಯಲ್ಲೇ ಅಡಗಿರುವುದುಂಟು.