ಇನಿಶಿಯಲ್‌ನಲ್ಲಿದ್ದ ಊರು

ನಿಮ್ಮ ಹೆಸರಿನ ಮುಂದೆ ಎಷ್ಟು ಇನಿಶಿಯಲ್‌ಗಳಿವೆ? ನಮ್ಮ ತಂದೆಯವರಿಗೆ ಎರಡಿದ್ದವು. ಮೊದಲನೆಯದು ಊರಿನದು, ಎರಡನೆಯದು ಅವರಪ್ಪನದು. ಇಲ್ಲಿ ಮಗನನ್ನು ಶಾಲೆಗೆ ಸೇರಿಸುವಾಗ ಗುಮಾಸ್ತರು, 'ಅಪ್ಪನ ಹೆಸರಿನದು ಒಂದೇ ಸಾಕು ಸಾರ್' ಎಂದರು. ನಾನೂ ತಲೆಯಾಡಿಸಿದೆ. ಊರು ಅಲ್ಲಿಗೆ ಉದುರಿಹೋಯಿತು. ಕಳೆದುಕೊಂಡದ್ದೇನೆಂದು ನನಗೆ ಹೊಳೆದದ್ದು, ಅಮೆರಿಕದಲ್ಲಿ ಹುಟ್ಟಿದ ಒಬ್ಬ ಇಂಗ್ಲಿಷ್ ಗವರ್ನರನ ವಂಶದ ಕಥೆ ಓದುವಾಗ.

ಪೆರುಂಗುಡಿಯಲ್ಲಿ ಬೀಚ್ ಕಡೆಯ ರೈಲು ಹತ್ತಿದರೆ ಅದೇ ದಾರಿಯಲ್ಲಿ ಕೋಟೆ ನಿಲ್ದಾಣ ಸಿಗುತ್ತದೆ. ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು ಪ್ರಾರಂಭವಾದದ್ದು 1680ರ ಅಕ್ಟೋಬರ್ ಕೊನೆಯಲ್ಲಿ. ಒಂದು ವಾರ ಕಳೆದು, ನವೆಂಬರ್ 4ರಂದು, ಅಲ್ಲಿ ಮೊದಲ ಮದುವೆ ನಡೆಯಿತು. ವರ ಎಲಿಹು ಯೇಲ್, ಈಸ್ಟ್ ಇಂಡಿಯಾ ಕಂಪೆನಿಯ ನೌಕರ. ವಧು ಕ್ಯಾಥರೀನ್, ಜೋಸೆಫ್ ಹಿನ್ಮರ್ಸ್ ಎಂಬ ಅಧಿಕಾರಿಯ ವಿಧವೆ. ಯೇಲ್ 1687ರಿಂದ 1692ರವರೆಗೆ ಮದರಾಸಿನ ಗವರ್ನರನಾಗಿದ್ದ. ಈ ದಂಪತಿಯ ಎಳೆಯ ಮಗ ಡೇವಿಡ್ ಇಲ್ಲೇ ತೀರಿಕೊಂಡ. ತಾಯಿಯ ಮೊದಲ ಗಂಡನಿಗೂ ಈ ಮಗುವಿಗೂ ಸೇರಿಸಿ ಯೇಲ್ ಒಂದೇ ಗೋರಿ ಕಟ್ಟಿಸಿದ. ಹೈಕೋರ್ಟ್ ಆವರಣದಲ್ಲಿರುವ ಆ ಗೋರಿಯನ್ನು ಬೇರೆಡೆಗೆ ಸಾಗಿಸಬೇಕೆಂದು 2023ರಲ್ಲಿ ಆದೇಶವಾದಾಗ ಪತ್ರಿಕೆಗಳಲ್ಲಿ ಓದಿರಬಹುದು.

ಈ ಎಳೆ ಹಿಡಿದು ಹಿಂದಕ್ಕೆ ಹೋಗಿ. ಯೇಲ್ ಹುಟ್ಟಿದ್ದು 1649ರಲ್ಲಿ, ಬಾಸ್ಟನ್ನಿನಲ್ಲಿ. ಅದು ಆಗ ಇಂಗ್ಲಿಷರ ವಸಾಹತು. ಮೂರು ವರ್ಷದ ಕೂಸಾಗಿದ್ದಾಗ ಹೊರಟವನು ಮತ್ತೆ ಆ ನೆಲ ತುಳಿಯಲಿಲ್ಲ. ಅವನ ಅಜ್ಜಿ ಆನ್ ವಿಧವೆಯಾದ ಮೇಲೆ ಥಿಯೋಫಿಲಸ್ ಈಟನ್ ಎಂಬವನನ್ನು ಮದುವೆಯಾಗಿದ್ದಳು. ಅಮೆರಿಕದ ನ್ಯೂ ಹೇವನ್ ವಸಾಹತಿನ ಮೊದಲ ಗವರ್ನರ್ ಅವನೇ. ಅದೇ ಊರಿನ ಕಾಲೇಜಿಗೆ ಯೇಲ್ ಮುದುಕನಾದ ಮೇಲೆ ಸರಕಿನ ಮೂಟೆಗಳನ್ನೂ 417 ಪುಸ್ತಕಗಳನ್ನೂ ಕಳಿಸಿದ. 1718ರಲ್ಲಿ ಕಾಲೇಜಿಗೆ ಅವನ ಹೆಸರು ಬಂತು. ಇನ್ನೂ ಹಿಂದಕ್ಕೆ ಹೋದರೆ ವೇಲ್ಸ್ ದೇಶ. ಅಲ್ಲಿ 'ಯಾಲ್' ಎಂಬ ಒಂದು ಸೀಮೆ ಇದೆ. ಯೇಲ್ ಎಂಬುದು ಆ ಸೀಮೆಯ ಹೆಸರೇ! ಮೂರು ದೇಶ ಸುತ್ತಿದರೂ ಹೆಸರಿನೊಳಗೆ ಊರು ಕೂತಿತ್ತು. ನಮ್ಮ ಇನಿಶಿಯಲ್‌ನ ಹಾಗೆ.

ಆದರೆ ಇಷ್ಟೆಲ್ಲ ಸಿಕ್ಕಿದ್ದು ಅವನು ದೊಡ್ಡ ಮನುಷ್ಯನಾಗಿದ್ದರಿಂದ. 1680ರ ದಶಕದಲ್ಲಿ ಮದರಾಸಿನಿಂದ ಗುಲಾಮರನ್ನು ಹಡಗಿಗೆ ತುಂಬಿ ಸಾಗಿಸುತ್ತಿದ್ದರು. ಆ ವ್ಯವಹಾರ ನೋಡಿಕೊಂಡ ಆಡಳಿತ ಮಂಡಳಿಯಲ್ಲಿ ಯೇಲ್ ಇದ್ದ. ಅವನ ಮದುವೆಯ ತಾರೀಖು ನಮಗೆ ಗೊತ್ತು. ಹಾಗೆ ಹಡಗು ಹತ್ತಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಯಾವ ಎಳೆ ಹಿಡಿದು ಈ ತೀರಕ್ಕೆ ಬರಬೇಕು? ಗುಲಾಮಗಿರಿಯೊಂದಿಗಿನ ತನ್ನ ನಂಟಿಗಾಗಿ ಯೇಲ್ ವಿಶ್ವವಿದ್ಯಾಲಯ 2024ರಲ್ಲಿ ಕ್ಷಮೆ ಕೇಳಿತು. ಕೇಳಿದ್ದು ಒಳ್ಳೆಯದೇ. ಹೆಸರುಗಳು ಮಾತ್ರ ಅದರಿಂದ ಮರಳಿ ಬರುವುದಿಲ್ಲ.

ನಮ್ಮ ಕಡೆ, ಅದರಲ್ಲೂ ಉತ್ತರ ಕರ್ನಾಟಕದಲ್ಲಿ, ಸಾಮಾನ್ಯ ರೈತರ ವಂಶವನ್ನೂ ಕಾಪಾಡಿದವರಿದ್ದಾರೆ: ಹೆಳವರು. ಎತ್ತಿನ ಮೇಲೆ ಕೂತು ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಮುತ್ತಾತನಿಂದ ಹಿಡಿದು ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಕಡಿ ಪಡೆದು ಹೋಗುವುದು ಅವರ ವೃತ್ತಿ. ನಮ್ಮಜ್ಜ ಅದನ್ನು ಕೇಳುತ್ತಾ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಆದರೆ ಹೆಳವರು ಬರುವುದು ಊರಿಗೆ. ಪೆರುಂಗುಡಿಯ ನಾಲ್ಕನೇ ಮಹಡಿಗೆ ಯಾವ ಎತ್ತೂ ಹತ್ತುವುದಿಲ್ಲ. ಊರಿನ ಹೆಸರೇ ಮರೆತವನು ಅವರನ್ನು ಎಲ್ಲಿ ಹುಡುಕಿಯಾನು? ಪಹಣಿ ತೆಗೆಸಬೇಕೆಂದರೂ ಊರಿನ ಹೆಸರು ಹೇಳಲೇಬೇಕು.

ಮಗನ ಶಾಲೆಯ ದಾಖಲೆಯನ್ನು ನಾನಿನ್ನು ತಿದ್ದಲಾರೆ. ಒಂದು ನೋಟ್‌ಬುಕ್ ಮಾತ್ರ ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ಊರು ಬರೆದೆ. ಅಜ್ಜಿಯ ತವರು ಯಾವುದೆಂದು ನನಗೇ ನೆನಪಾಗಲಿಲ್ಲ. ಎಂಬತ್ತಾರು ದಾಟಿದ ಸೋದರತ್ತೆಗೆ ಫೋನ್ ಮಾಡಿದೆ. 'ಇಷ್ಟು ದಿನಕ್ಕೆ ಕೇಳಿದೆಯಲ್ಲೋ' ಎಂದು ಬೈದು, ಒಂದು ಗಂಟೆ ಹೊತ್ತು ಹೇಳಿದರು. ಬರೆದುಕೊಂಡೆ. ಉಳಿದದ್ದನ್ನು ಈ ಭಾನುವಾರ ಹೇಳುತ್ತಾರಂತೆ.